ಹಳೇ ಮರದ ಮೇಲೆ ಅಂಟಿಸಿದ ಚಿತ್ರ ಕೆಟ್ಟರೆ: ಡೆಕೂಪಾಜ್ ದೋಷ ಹುಡುಕುವ ಕೈಪಿಡಿ

ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ, ಮುರಿದ ಸ್ಟೂಲಿನ ಮೇಲ್ಭಾಗ, ಸಾಮಿಲ್‌ನಲ್ಲಿ ಉಳಿದ ಮಾವಿನ ತುಂಡು, ಕಿಟಕಿ ಬದಲಿಸಿದಾಗ ಬಂದ ಚೌಕಟ್ಟು. ಇಂಥ ಮರದ ಮೇಲೆ ಕ್ಯಾಲೆಂಡರ್ ಚಿತ್ರವನ್ನೋ, ಲಗ್ನಪತ್ರಿಕೆಯನ್ನೋ, ಹೂವಿನ ಪೇಪರ್ ನ್ಯಾಪ್ಕಿನ್ನನ್ನೋ ಅಂಟಿಸಿ, ಮೇಲೆ ವಾರ್ನಿಷ್ ಬಳಿದು ಟ್ರೇ, ಕೀ ಹ್ಯಾಂಗರ್, ಗೋಡೆಯ ಫಲಕ ಮಾಡುವುದೇ ಡೆಕೂಪಾಜ್. ಮಾಡಿದ ದಿನ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ತೊಂದರೆ ಶುರುವಾಗುವುದು ವಾರ, ತಿಂಗಳು ಕಳೆದ ಮೇಲೆ.

ನಾನು ಈ ಕೆಲಸ ಮಾಡುವುದು ಮೈಸೂರಿನಲ್ಲಿ. ತವರು ಮಲೆನಾಡಿನ ಸಾಗರದ ಕಡೆ. ಒಂದು ಬೇಸಿಗೆಯಲ್ಲಿ ಎರಡು ಫಲಕ ಮಾಡಿದೆ. ಒಂದೇ ಹಲಗೆಯಿಂದ ಕೊಯ್ದ ಎರಡು ತುಂಡು, ಒಂದೇ ಅಂಟು, ಒಂದೇ ಕಾಗದ. ಒಂದನ್ನು ಅಮ್ಮನಿಗೆ ಕೊಟ್ಟೆ. ಜುಲೈ ಹೊತ್ತಿಗೆ ಅದು ಬಾಗಿ, ಅಂಚಿನಲ್ಲಿ ಕಾಗದ ಎದ್ದಿತ್ತು. ನನ್ನ ಮನೆಯ ಗೋಡೆಯಲ್ಲಿದ್ದದ್ದು ಹಾಗೇ ಇತ್ತು. ಆಮೇಲೆ ಕೆಟ್ಟ ಪ್ರತಿ ತುಂಡನ್ನೂ ಬಿಚ್ಚಿ ನೋಡತೊಡಗಿದೆ. ಹೆಚ್ಚಿನ ಸಲ ಸಿಕ್ಕ ಕಾರಣ ನೀರು. ಮರದೊಳಗೆ ಉಳಿದ ನೀರು, ಅಂಟಿಗೆ ಬೆರೆಸಿದ ನೀರು, ಗಾಳಿಯಲ್ಲಿದ್ದ ನೀರು. ಅದಕ್ಕೇ ದೋಷ ಕಂಡಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟು: ಇಲ್ಲಿಗೆ ನೀರು ಎಲ್ಲಿಂದ ಬಂತು? ಯಾಕೆ ಹೊರಗೆ ಹೋಗಲಿಲ್ಲ?

## ಬಿಚ್ಚುವ ಮೊದಲು ಮಾಡುವ ಪರೀಕ್ಷೆಗಳು

ಏನೋ ಕೆಟ್ಟಿದೆ ಎಂದು ಕಂಡ ತಕ್ಷಣ ಸ್ಯಾಂಡ್ ಪೇಪರ್ ಕೈಗೆತ್ತಿಕೊಳ್ಳಬೇಡಿ. ಮೊದಲು ಸುಮ್ನೆ ನೋಡಿ, ಮುಟ್ಟಿ, ತಟ್ಟಿ.

ಮೊಬೈಲ್ ಟಾರ್ಚನ್ನು ಹಲಗೆಯ ಪಕ್ಕದಿಂದ, ಹಲಗೆಯ ಮಟ್ಟಕ್ಕೇ ಹಿಡಿಯಿರಿ. ಮೇಲಿನ ಬೆಳಕಿನಲ್ಲಿ ಕಾಣದ ಸುಕ್ಕು, ಉಬ್ಬು ಎಲ್ಲ ನೆರಳು ಬಿದ್ದು ಎದ್ದು ಕಾಣುತ್ತವೆ. ಬೆರಳಿನ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಕಾಗದ ಮರಕ್ಕೆ ಹಿಡಿದಿರುವ ಕಡೆ ಗಟ್ಟಿ ಸದ್ದು ಬರುತ್ತದೆ, ಬಿಟ್ಟಿರುವ ಕಡೆ ಟೊಳ್ಳು ಸದ್ದು. ಹಲಗೆಯ ಹಿಂಭಾಗದಲ್ಲಿ ಒಂದು ಹನಿ ನೀರು ಬಿಡಿ. ಒಂದೆರಡು ನಿಮಿಷದಲ್ಲಿ ಹೀರಿಕೊಂಡರೆ ಅದು ಬರಿ ಮರ, ಅಂಟು ಹಿಡಿಯುತ್ತದೆ. ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ಗುಂಡಗೆ ನಿಂತರೆ ಅಲ್ಲಿ ಎಣ್ಣೆ, ಮೇಣ ಅಥವಾ ಹಳೇ ಪಾಲಿಶ್ ಇದೆ.

ಕೊನೆಯದು ತೂಕ. ನಾನು ತುಂಬಾ ನಂಬುವುದು ಇದನ್ನೇ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಹಲಗೆ ಇಟ್ಟು ತೂಕವನ್ನು ಹಿಂಭಾಗದಲ್ಲೇ ಪೆನ್ಸಿಲ್‌ನಿಂದ ಬರೆಯಿರಿ. ಎರಡು ದಿನಕ್ಕೊಮ್ಮೆ ಮತ್ತೆ ತೂಗಿ. ತೂಕ ಇಳಿಯುತ್ತಿದ್ದರೆ ಮರದಿಂದ ನೀರು ಇನ್ನೂ ಹೊರಗೆ ಬರುತ್ತಿದೆ. ಸತತ ಮೂರು ಸಲ ಒಂದೇ ತೂಕ ಬಂದರೆ ಆ ಹಲಗೆ ನಿಮ್ಮ ಮನೆಯ ಗಾಳಿಗೆ ಹೊಂದಿಕೊಂಡಿದೆ. ತೇವ ಅಳೆಯುವ ಮೀಟರ್‌ಗೆ ದುಡ್ಡು ಹಾಕುವ ಅಗತ್ಯ ಇಲ್ಲ.

## ಉಜ್ಜುವ ಮೊದಲು ನಿಲ್ಲಬೇಕಾದ ಸಂದರ್ಭಗಳು

ದುರಸ್ತಿ ಅಂದರೆ ಎಲ್ಲೋ ಒಂದು ಕಡೆ ಉಜ್ಜುವುದು ಬಂದೇ ಬರುತ್ತದೆ. ಈ ಕೆಲಸದಲ್ಲಿ ಜಾಸ್ತಿ ಅಪಾಯ ಇರುವುದೂ ಅಲ್ಲೇ.

ಹಳೇ ಕಿಟಕಿ ಬಾಗಿಲಿನ ಬಣ್ಣದಲ್ಲಿ ಸೀಸ ಇರಬಹುದು. ನಮ್ಮ ದೇಶದಲ್ಲಿ ಮನೆ ಬಣ್ಣಕ್ಕೆ ಹತ್ತು ಲಕ್ಷ ಭಾಗದಲ್ಲಿ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ಬೆಂಕಿಯಿಂದ ಸುಡಬೇಡಿ. ಮನೆಯಲ್ಲಿ ಚಿಕ್ಕ ಮಕ್ಕಳೋ ಬಸುರಿಯರೋ ಇದ್ದರೆ ಅಂಥ ಮರವನ್ನು ಮುಟ್ಟದೇ ಇರುವುದೇ ಒಳ್ಳೆಯದು.

ಪ್ಯಾಕಿಂಗ್ ಪೆಟ್ಟಿಗೆ, ಪ್ಯಾಲೆಟ್‌ಗಳ ಮೇಲೆ ಗೋಧಿ ತೆನೆಯ ಚಿತ್ರವಿರುವ ಮುದ್ರೆ ಹುಡುಕಿ. ಅದರ ಪಕ್ಕ ಎಚ್‌ಟಿ ಎಂದಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇರುವ ಹಾಗೆ ಕಾಯಿಸಿದ್ದಾರೆ ಎಂದರ್ಥ. ಅದನ್ನು ಬಳಸಬಹುದು. ಎಂಬಿ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲದ ಹೊಗೆ ಹಾಕಿದ್ದಾರೆ. ಅದನ್ನು ನಾನು ಮನೆಯೊಳಗೆ ತರುವುದಿಲ್ಲ. ರೈಲ್ವೆ ಸ್ಲೀಪರ್, ಹಸಿರು ಛಾಯೆಯ ಔಷಧಿ ಹಾಕಿದ ಮರ, ಏನೋ ಚೆಲ್ಲಿ ವಾಸನೆ ಹಿಡಿದ ಹಲಗೆ, ಇವು ಮೂರೂ ಬೇಡ.

ಉಜ್ಜುವಾಗ ಎನ್95 ಮಾಸ್ಕ್ ಇರಲಿ, ಕೆಲಸ ಮನೆಯ ಹೊರಗೆ ನಡೆಯಲಿ. ಹಲಗೆ ಎಂಡಿಎಫ್ ಆಗಿದ್ದರೆ, ಅಂದರೆ ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ್ದಾದರೆ, ಇನ್ನೂ ಎಚ್ಚರ, ಅದರ ಧೂಳು ತುಂಬಾ ಸಣ್ಣದು. ಹಳೇ ಮೊಳೆಗಳನ್ನೆಲ್ಲ ಮೊದಲೇ ಕಿತ್ತು ಡಬ್ಬಿಗೆ ಹಾಕಿ. ತುಕ್ಕು ಮೊಳೆ ಚುಚ್ಚಿದರೆ ಗಾಯ ತೊಳೆದು, ಟಿಟಿ ಇಂಜೆಕ್ಷನ್ ಬೇಕೇ ಎಂದು ಡಾಕ್ಟರನ್ನು ಕೇಳಿ.

## ಕಾಗದ ಸುಕ್ಕುಗಟ್ಟಿದೆ

ಅಂಟಿಸಿ ಐದು ನಿಮಿಷದಲ್ಲೇ ಸುಕ್ಕು ಬಂದಿದ್ದರೆ ಗಾಬರಿ ಬೇಡ. ಕಾಗದ ನೀರು ಕುಡಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಸಣ್ಣ ಸುಕ್ಕುಗಳಲ್ಲಿ ಹೆಚ್ಚಿನವು ಬೆಳಗಾಗುವಷ್ಟರಲ್ಲಿ ತಾವೇ ಮಲಗುತ್ತವೆ. ಹಸಿ ಇರುವಾಗ ಮತ್ತೆ ಮತ್ತೆ ತಿಕ್ಕಿದರೆ ಕಾಗದ ಹರಿಯುತ್ತದೆ. ಹರಿದ ಕಾಗದಕ್ಕಿಂತ ಒಂದು ಸುಕ್ಕು ಎಷ್ಟೋ ವಾಸಿ ಅಲ್ವಾ?

ರಾತ್ರಿ ಕಳೆದರೂ ಉಳಿದ ಸುಕ್ಕುಗಳ ದಿಕ್ಕು ನೋಡಿ. ಎಲ್ಲ ಗೆರೆಗಳೂ ಒಂದೇ ದಿಕ್ಕಿಗೆ, ಸಾಲಾಗಿ ಇದ್ದರೆ ಕಾಗದ ಪೂರ್ತಿ ಹಿಗ್ಗುವ ಮೊದಲೇ ಮರಕ್ಕೆ ಅಂಟಿದೆ. ಕಾಗದದ ನಾರು ಒಂದು ದಿಕ್ಕಿಗೆ ಮಲಗಿರುತ್ತದೆ, ಅದಕ್ಕೆ ಅಡ್ಡಲಾಗಿ ಹಿಗ್ಗುವುದು ಜಾಸ್ತಿ. ಕ್ಯಾಲೆಂಡರ್ ಹಾಳೆಯಲ್ಲಿ ಇದು ಎದ್ದು ಕಾಣುತ್ತದೆ. ಮುಂದಿನ ಸಲ ಅಂಥ ಹಾಳೆಯ ಹಿಂಬದಿಗೆ ಒದ್ದೆ ಸ್ಪಂಜು ಒತ್ತಿ, ಒಂದೆರಡು ನಿಮಿಷ ಬಿಟ್ಟು, ಬಟ್ಟೆಯಿಂದ ಮೇಲ್ನೀರು ಒತ್ತಿ ತೆಗೆದು ಆಮೇಲೆ ಅಂಟಿಸಿ. ಹಿಗ್ಗುವುದೆಲ್ಲ ಮರಕ್ಕೆ ತಾಗುವ ಮೊದಲೇ ಮುಗಿದಿರುತ್ತದೆ. ಹಾಳೆಯ ಮೂಲೆ ಹರಿದು ನೋಡಿದರೆ ನಾರಿನ ದಿಕ್ಕು ಗೊತ್ತಾಗುತ್ತದೆ. ನೇರವಾಗಿ ಹರಿಯುವ ಕಡೆಗೇ ನಾರು. ಅದನ್ನು ಮರದ ಎಳೆಯ ದಿಕ್ಕಿಗೇ ಹೊಂದಿಸಿ. ಆಗ ಎರಡೂ ಒಂದೇ ಕಡೆಗೆ ಹಿಗ್ಗಿ ಕುಗ್ಗುತ್ತವೆ.

ಸುಕ್ಕು ಒಂದು ಬಿಂದುವಿನ ಸುತ್ತ ನಕ್ಷತ್ರದ ಹಾಗೆ ಇದ್ದರೆ ಕೆಳಗೆ ಧೂಳಿನ ಕಣವೋ ಮರದ ಸಿಬಿರೋ ಇದೆ. ನಡುವೆ ಮಾತ್ರ ಗುಡ್ಡೆಯಾಗಿದ್ದರೆ ನೀವು ಅಂಚಿನಿಂದ ಒಳಗೆ ಒತ್ತುತ್ತಾ ಬಂದಿದ್ದೀರಿ. ಒತ್ತುವುದು ಯಾವಾಗಲೂ ನಡುವಿನಿಂದ ಹೊರಕ್ಕೆ ಇರಬೇಕು, ಹಳೇ ಎಟಿಎಂ ಕಾರ್ಡಿನಿಂದ.

ಅಂಟಿನ ಹದವೂ ಇಲ್ಲಿ ಮುಖ್ಯ. ತೆಳು ನ್ಯಾಪ್ಕಿನ್‌ಗೆ ನಾನು ಫೆವಿಕಾಲ್ ಮತ್ತು ನೀರನ್ನು ಸಮ ಹಾಕುತ್ತೇನೆ. ಕ್ಯಾಲೆಂಡರ್ ಹಾಳೆಗೆ ಮೂರು ಭಾಗ ಅಂಟು, ಒಂದು ಭಾಗ ನೀರು. ಲಗ್ನಪತ್ರಿಕೆಯಂಥ ದಪ್ಪ ಕಾಗದಕ್ಕೆ ನೀರೇ ಬೇಡ. ನ್ಯಾಪ್ಕಿನ್ ಎರಡೋ ಮೂರೋ ಪದರ ಇರುತ್ತದೆ. ಚಿತ್ರವಿರುವ ಮೇಲಿನ ಪದರ ಒಂದನ್ನೇ ಬಿಡಿಸಿ ತೆಗೆಯಿರಿ. ಎಷ್ಟೋ ಜನರ ನ್ಯಾಪ್ಕಿನ್ ಸುಕ್ಕಾಗುವುದು ಪದರ ಬಿಡಿಸದೇ ಅಂಟಿಸಿದ ಒಂದೇ ಕಾರಣಕ್ಕೆ.

ಒಣಗಿದ ಸುಕ್ಕಿಗೆ ವಾರ್ನಿಷ್ ಇನ್ನೂ ಬಳಿದಿರದಿದ್ದರೆ ಇಸ್ತ್ರಿಪೆಟ್ಟಿಗೆ ಕೆಲಸಕ್ಕೆ ಬರುತ್ತದೆ. ಫೆವಿಕಾಲ್‌ನಂಥ ಬಿಳಿ ಅಂಟು ಶಾಖಕ್ಕೆ ಮೆದುವಾಗುತ್ತದೆ. ಮೇಲೆ ಬಟರ್ ಪೇಪರ್ ಹಾಸಿ, ಹಬೆ ಇಲ್ಲದೆ, ಮಧ್ಯಮ ಬಿಸಿಯಲ್ಲಿ ಐದರಿಂದ ಹತ್ತು ಸೆಕೆಂಡ್ ಒತ್ತಿ. ಆರುವ ತನಕ ಮೇಲೆ ಭಾರದ ಪುಸ್ತಕ ಇಡಿ. ವಾರ್ನಿಷ್ ಬಳಿದಿದ್ದರೆ ಇಸ್ತ್ರಿ ಬೇಡ, ಬಟರ್ ಪೇಪರ್ ಕಚ್ಚಿಕೊಳ್ಳುತ್ತದೆ. ಆಗ ಸುಕ್ಕಿನ ನೆತ್ತಿಯನ್ನಷ್ಟೇ 220 ನಂಬರಿನ ಸ್ಯಾಂಡ್ ಪೇಪರಿನಿಂದ ಹಗುರಾಗಿ ಉಜ್ಜಿ, ಬಿಳಿ ಕಂಡ ಜಾಗಕ್ಕೆ ಕಲರ್ ಪೆನ್ಸಿಲ್ ತಾಗಿಸಿ, ಮತ್ತೆ ಒಂದು ತೆಳು ಕೋಟ್ ಕೊಡಿ.

## ಗುಳ್ಳೆ ಎದ್ದಿದೆ

ಗುಳ್ಳೆಯನ್ನು ಒತ್ತಿ ನೋಡಿ. ಮೆತ್ತಗೆ ಒಳಗೆ ಹೋಗಿ ಮತ್ತೆ ಎದ್ದರೆ ಒಳಗೆ ಗಾಳಿ ಇದೆ, ಆ ಜಾಗಕ್ಕೆ ಅಂಟು ಬಿದ್ದಿಲ್ಲ. ಬ್ಲೇಡಿನ ತುದಿಯಿಂದ ಚಿತ್ರದ ಒಂದು ಗೆರೆಯ ಮೇಲೇ ಸಣ್ಣ ಸೀಳು ಕೊಡಿ. ಸಿರಿಂಜಿನಿಂದ ಒಂದು ಹನಿ ತೆಳು ಅಂಟು ಬಿಟ್ಟು, ಕಾರ್ಡಿನಿಂದ ಒತ್ತಿ, ಒರೆಸಿ.

ಒತ್ತಿದರೆ ಗಟ್ಟಿಯಾಗಿದ್ದರೆ ಅದು ಗಾಳಿಯಲ್ಲ, ಅಂಟು ಒಂದೆಡೆ ಗುಡ್ಡೆಯಾಗಿ ಒಣಗಿದೆ. ಚುಚ್ಚಿ ಪ್ರಯೋಜನವಿಲ್ಲ. ಬಿಸಿಲಲ್ಲಿಟ್ಟ ಮೇಲೆ ಗುಳ್ಳೆ ಬಂದಿದ್ದರೆ ಮರ ಹಸಿ ಇತ್ತು ಎಂಬ ಅನುಮಾನ ಇರಲಿ. ಒಳಗಿನ ತೇವ ಆವಿಯಾಗಿ ಕಾಗದವನ್ನು ಎತ್ತುತ್ತದೆ. ಒಂದು ಗುಳ್ಳೆ ಸರಿಮಾಡಿದರೆ ಪಕ್ಕದಲ್ಲಿ ಇನ್ನೊಂದು ಬರುತ್ತದೆ. ಅಲ್ಲಿಗೆ ದುರಸ್ತಿ ನಿಲ್ಲಿಸಿ ತೂಕದ ಪರೀಕ್ಷೆ ಮಾಡಿ.

## ಅಂಚು, ಮೂಲೆ ಎದ್ದು ಬರುತ್ತಿದೆ

ಎದ್ದ ಕಾಗದದ ಬೆನ್ನು ನೋಡಿ. ಉತ್ತರ ಅಲ್ಲೇ ಇರುತ್ತದೆ.

ಬೆನ್ನು ಸ್ವಚ್ಛವಾಗಿದ್ದು ಅಂಟೆಲ್ಲ ಮರದ ಮೇಲೆ ಉಳಿದಿದ್ದರೆ ತೊಂದರೆ ಕಾಗದದ್ದು. ಗಿಫ್ಟ್ ಪೇಪರ್, ಹೊಳಪಿನ ಆಹ್ವಾನಪತ್ರಿಕೆಗಳಿಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಮೂಲೆ ಹರಿದಾಗ ಜಗ್ಗಿ ಎಳೆದಂತಾದರೆ ಪ್ಲಾಸ್ಟಿಕ್ ಇದೆ. ಅದನ್ನು ಬಿಳಿ ಅಂಟು ಹಿಡಿಯುವುದಿಲ್ಲ. ಬೇರೆ ಕಾಗದ ಹುಡುಕಿ.

ಅಂಟು ಕಾಗದದ ಜೊತೆಗೇ ಎದ್ದು ಮರ ಬರಿದಾಗಿದ್ದರೆ ತೊಂದರೆ ಮರದ್ದು. ಆ ಜಾಗಕ್ಕೆ ನೀರಿನ ಹನಿ ಬಿಡಿ. ಗುಂಡಗೆ ನಿಂತರೆ ಹಳೇ ಪಾಲಿಶ್ ಪೂರ್ತಿ ಹೋಗಿಲ್ಲ. 120 ನಂಬರಿನಿಂದ ಉಜ್ಜಿ, 220ರಿಂದ ನಯ ಮಾಡಿ, ಧೂಳು ಒರೆಸಿ ಮತ್ತೆ ಹನಿ ಬಿಟ್ಟು ನೋಡಿ. ತೇಗದಲ್ಲಿ ಸಹಜವಾಗಿಯೇ ಎಣ್ಣೆ ಇರುತ್ತದೆ, ಎಷ್ಟು ಉಜ್ಜಿದರೂ ಮೇಲೆ ಬರುತ್ತದೆ. ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಅಂಟಿಸಿ. ಥಿನ್ನರ್ ಬಳಸುವಾಗ ಕಿಟಕಿ ತೆರೆದಿರಲಿ. ಒಲೆ, ದೇವರ ದೀಪ, ಊದುಬತ್ತಿ ಯಾವುದೂ ಹತ್ತಿರ ಬೇಡ. ಸ್ಟೂಲು, ಮಣೆಗಳಿಗೆ ಅಡುಗೆ ಎಣ್ಣೆಯ ಜಿಡ್ಡು ಹಿಡಿದಿದ್ದರೆ ಸೋಪುನೀರಿನ ಬಟ್ಟೆಯಲ್ಲಿ ಒರೆಸಿ ಒಣಗಿಸಿದರೆ ಸಾಕಾಗುತ್ತದೆ.

ಎರಡೂ ಕಡೆ ಅಂಟಿದ್ದು, ನಡುವಿನ ಅಂಟು ಮಾತ್ರ ಪುಡಿಯಾಗಿದ್ದರೆ ನೀರು ಜಾಸ್ತಿ ಬೆರೆಸಿದ್ದೀರಿ.

ಮೂಲೆ ಮಾತ್ರ ಎದ್ದಿದ್ದು ಉಳಿದದ್ದೆಲ್ಲ ಗಟ್ಟಿ ಇದ್ದರೆ ಕೈ ತಾಗಿ ತಾಗಿ ಎದ್ದಿರಬಹುದು. ಹಲ್ಲುಕಡ್ಡಿಯಿಂದ ದಪ್ಪ ಅಂಟು ತೂರಿಸಿ, ಬಟರ್ ಪೇಪರ್ ಇಟ್ಟು, ಕ್ಲಿಪ್ ಹಾಕಿ ರಾತ್ರಿ ಬಿಡಿ. ಆಮೇಲೆ ಅಂಚಿಗೆ ಎರಡು ಕೋಟ್ ವಾರ್ನಿಷ್ ಹೆಚ್ಚು ಕೊಡಿ. 18ನೇ ಶತಮಾನದ ವೆನಿಸ್‌ನಲ್ಲಿ ಪೀಠೋಪಕರಣಕ್ಕೆ ಹೀಗೆ ಚಿತ್ರ ಅಂಟಿಸುತ್ತಿದ್ದವರು ಪೂರ್ವದೇಶಗಳ ಅರಗಿನ ಕೆಲಸದ ಹಾಗೆ ಕಾಣಲೆಂದು ಕೋಟಿನ ಮೇಲೆ ಕೋಟ್ ಬಳಿಯುತ್ತಿದ್ದರು. ಕಾಗದದ ಅಂಚು ಬೆರಳಿಗೆ ತಾಗದಷ್ಟು ಮುಚ್ಚಿಹೋದರೆ ಅದು ಏಳುವುದಾದರೂ ಹೇಗೆ?

## ಕಂದು, ಹಳದಿ ಅಥವಾ ಕಪ್ಪು ಕಲೆ ಮೇಲೆ ಬಂದಿದೆ

ಹೊನ್ನೆ ಮರದ ಲೋಟ ನೋಡಿದ್ದೀರಲ್ಲ? ರಾತ್ರಿ ನೀರು ತುಂಬಿಟ್ಟರೆ ಬೆಳಿಗ್ಗೆ ನೀರಿಗೆ ಬಣ್ಣ ಬಂದಿರುತ್ತದೆ. ಅಂಟಿನ ನೀರು ನಿಮ್ಮ ಹಲಗೆಗೂ ಅದನ್ನೇ ಮಾಡುತ್ತದೆ. ಮರದ ಬಣ್ಣವನ್ನು ಎಳೆದುಕೊಂಡು ಕಾಗದಕ್ಕೆ ಏರುತ್ತದೆ. ಹಲಸಿನ ಚೇಗು, ಅಂದರೆ ಕಾಂಡದ ನಡುವಿನ ಗಟ್ಟಿ ಮರ, ಹಳದಿ ಬಿಡುತ್ತದೆ. ಪೈನ್ ಹಲಗೆಯ ಗಂಟುಗಳು ಜಿಗುಟು ರಾಳ ಬಿಡುತ್ತವೆ, ಕಾಗದದ ಮೇಲೆ ಗುಂಡಗೆ ಕಂದು ಕಲೆ ಮೂಡುತ್ತದೆ.

ಕಲೆ ಕಪ್ಪಗೆ, ನೀಲಿ ಛಾಯೆಯಲ್ಲಿ, ಚುಕ್ಕಿಯ ಸುತ್ತ ಉಂಗುರದ ಹಾಗಿದ್ದರೆ ಕೆಳಗೆ ಮೊಳೆಯ ತುಂಡು ಇದೆ. ಮರದ ಒಗರು ಮತ್ತು ಕಬ್ಬಿಣ ಒದ್ದೆಯಲ್ಲಿ ಕೂಡಿದರೆ ಶಾಯಿಯಂಥ ಕಪ್ಪು ಹುಟ್ಟುತ್ತದೆ. ಆಯಸ್ಕಾಂತ ಹಿಡಿದು ನೋಡಿ, ಸಿಕ್ಕಿಬೀಳುತ್ತದೆ.

ಮೇಲೆ ಬಂದ ಕಲೆಯನ್ನು ಕಾಗದದಿಂದ ತೆಗೆಯುವ ದಾರಿ ನನಗೆ ಸಿಕ್ಕಿಲ್ಲ. ಅದರ ಮೇಲೆ ಇನ್ನೊಂದು ಎಲೆಯನ್ನೋ ಹೂವನ್ನೋ ಅಂಟಿಸಬಹುದು. ಆದರೆ ಮೊದಲು ಕಲೆಗೆ ಶೆಲ್ಲಾಕ್ ಬಳಿಯಿರಿ, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ಹೊಸ ಕೆಲಸದಲ್ಲಿ ಗಂಟುಗಳಿಗೂ ಬಣ್ಣ ಬಿಡುವ ಮರಕ್ಕೂ ಮೊದಲೇ ಎರಡು ತೆಳು ಕೋಟ್ ಶೆಲ್ಲಾಕ್ ಕೊಟ್ಟು, 220ರಿಂದ ಹಗುರಾಗಿ ಉಜ್ಜಿ, ಬಿಳಿ ಬಣ್ಣ ಬಳಿದು ಆಮೇಲೆ ಅಂಟಿಸಿ.

ಚಿತ್ರವೆಲ್ಲ ಒಂದೇ ಸಮ ಹಳದಿಯಾಗುತ್ತಿದ್ದರೆ ಮರವನ್ನು ದೂರಬೇಡಿ. ಎಣ್ಣೆ ಆಧಾರದ ವಾರ್ನಿಷ್ ವರ್ಷ ಕಳೆದಂತೆ ಹಳದಿಯಾಗುತ್ತದೆ. ಬಿಳಿ ಹಿನ್ನೆಲೆಯ ಚಿತ್ರಕ್ಕೆ ನೀರು ಆಧಾರದ ವಾರ್ನಿಷ್ ಕೊಳ್ಳಿ.

## ಮಸಿ ಹರಡಿದೆ, ಹಿಂಬದಿಯ ಅಕ್ಷರ ಕಾಣುತ್ತಿದೆ

ಇಂಕ್‌ಜೆಟ್ ಪ್ರಿಂಟರಿನ ಮಸಿ ಸಾಮಾನ್ಯವಾಗಿ ನೀರಿಗೆ ಕರಗುತ್ತದೆ. ಲೇಸರ್ ಪ್ರಿಂಟ್, ಜೆರಾಕ್ಸಿನ ಪುಡಿ ಪ್ಲಾಸ್ಟಿಕ್ಕಿನದು, ಕರಗುವುದಿಲ್ಲ. ಅಂಟಿಸುವ ಮೊದಲು ಒದ್ದೆ ಬೆರಳನ್ನು ಚಿತ್ರದ ಮೂಲೆಗೆ ಉಜ್ಜಿ. ಬೆರಳಿಗೆ ಬಣ್ಣ ಬಂದರೆ ಎರಡೂ ಬದಿಗೆ ಕ್ಲಿಯರ್ ಸ್ಪ್ರೇ ಎರಡು ತೆಳು ಕೋಟ್ ಕೊಟ್ಟು ಒಣಗಿಸಿ. ಹರಡಿದ ಮೇಲೆ ಏನೂ ಮಾಡಲಾಗದು.

ಪತ್ರಿಕೆಯ ಹಾಳೆಯಲ್ಲಿ ಹಿಂಬದಿಯ ಅಕ್ಷರ ಒದ್ದೆಯಾದಾಗ ಮುಂದಕ್ಕೆ ಕಾಣುತ್ತದೆ. ಕಿಟಕಿಗೆ ಹಿಡಿದು ನೋಡಿದರೆ ಮೊದಲೇ ಗೊತ್ತಾಗುತ್ತದೆ. ಹಿಂಬದಿಗೆ ತೆಳುವಾಗಿ ಬಿಳಿ ಅಕ್ರಿಲಿಕ್ ಬಣ್ಣ ಬಳಿದು ಒಣಗಿಸಿದರೆ ಸಾಕು.

ಅಜ್ಜಿಯ ಫೋಟೋ, ಹಳೇ ಪತ್ರ, ಕೈಬರಹ ಇಂಥವುಗಳ ಮೂಲಪ್ರತಿಯನ್ನು ಯಾವತ್ತೂ ಅಂಟಿಸಬೇಡಿ. ಲೇಸರ್ ಪ್ರಿಂಟ್ ತೆಗೆಸಿ. ಈಗಾಗಲೇ ಅಂಟಿಸಿ ಕೆಟ್ಟಿದ್ದರೆ ಎಳೆಯಲು ಹೋಗಬೇಡಿ. ಹಳೇ ಕಾಗದ ಉಳಿಸುವ ಕೆಲಸ ಬಲ್ಲವರ ಹತ್ತಿರ ಒಯ್ಯಿರಿ.

## ವಾರವಾದರೂ ಅಂಟಂಟಾಗಿದೆ

ಮೇಲಿನ ಕೋಟ್ ಯಾವುದು ಎಂದು ನೆನಪಿಸಿಕೊಳ್ಳಿ. ಫೆವಿಕಾಲನ್ನೇ ಮೇಲೂ ಬಳಿದು ಬಿಟ್ಟಿದ್ದರೆ ಮಳೆಗಾಲದಲ್ಲಿ ಅದು ಮತ್ತೆ ಮತ್ತೆ ಮೆದುವಾಗುತ್ತದೆ. ಅದು ಅಂಟು, ರಕ್ಷಣೆಯ ಕೋಟ್ ಅಲ್ಲ. ಪುಸ್ತಕ ಇಟ್ಟರೆ ಕಚ್ಚಿಕೊಳ್ಳುತ್ತದೆ. ಒಣ ದಿನ ನೋಡಿ ನೀರು ಆಧಾರದ ಅಕ್ರಿಲಿಕ್ ಅಥವಾ ಪಿಯು (ಪಾಲಿಯುರೆಥೇನ್) ಕ್ಲಿಯರ್ ಕೋಟ್ ಎರಡು ಸಲ ಬಳಿಯಿರಿ.

ವಾರ್ನಿಷ್ಷೇ ಅಂಟಂಟಾಗಿದ್ದರೆ ಮೊದಲು ಕಾಯಿರಿ. ಮುಟ್ಟಲು ಒಣಗಿದ್ದು ಬೇರೆ, ಪೂರ್ತಿ ಗಟ್ಟಿಯಾಗಿದ್ದು ಬೇರೆ. ಮೂರು ನಾಲ್ಕು ವಾರ ಹಿಡಿಯಬಹುದು. ಕಾಣದ ಮೂಲೆಯಲ್ಲಿ ಉಗುರು ಒತ್ತಿ, ಗುರುತು ಉಳಿದರೆ ಇನ್ನೂ ಹಸಿ. ಗಾಳಿಯಾಡುವ ಒಣ ಕೋಣೆಗೆ ಬದಲಿಸಿ. ಕಾದರೂ ಗಟ್ಟಿಯಾಗದಿದ್ದರೆ ಒಂದೇ ಸಲ ದಪ್ಪಗೆ ಬಳಿದಿರಬೇಕು, ಇಲ್ಲವೇ ಮರ ತೇಗವೋ ಬೀಟೆಯೋ ಆಗಿರಬೇಕು. ಈ ಮರಗಳ ಎಣ್ಣೆ ಎಣ್ಣೆ ಆಧಾರದ ವಾರ್ನಿಷ್ ಗಟ್ಟಿಯಾಗುವುದನ್ನೇ ತಡೆಯುತ್ತದೆ. ಅದನ್ನು ತೆಗೆದು ಹೊಸದಾಗಿ ಮಾಡುವುದೇ ದಾರಿ.

ವಾರ್ನಿಷ್, ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಳಗೇ ಕಾವು ಹುಟ್ಟಿ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ, ಅಥವಾ ನೀರಲ್ಲಿ ನೆನೆಸಿಡಿ.

## ಮೇಲೆ ಹಾಲಿನ ಪದರದಂತೆ ಬಿಳಿಚಿದೆ

ಬಳಿದು ಒಂದು ದಿನ ಆಗಿಲ್ಲವೆಂದರೆ ಬಿಡಿ, ಅಕ್ರಿಲಿಕ್ ಮತ್ತು ಬಿಳಿ ಅಂಟು ಒಣಗುವ ತನಕ ಬಿಳಿಯಾಗಿಯೇ ಇರುತ್ತವೆ. ಮಾರನೇ ದಿನವೂ ಇದ್ದರೆ ಹೇರ್ ಡ್ರೈಯರನ್ನು ಕಡಿಮೆ ಬಿಸಿಯಲ್ಲಿ, ಒಂದಡಿ ದೂರದಿಂದ ಹಿಡಿಯಿರಿ. ಬಿಳುಪು ಕರಗುತ್ತಾ ಬಂದರೆ ಒಳಗೆ ತೇವ ಸಿಕ್ಕಿಕೊಂಡಿತ್ತು, ಇನ್ನೂ ಎರಡು ದಿನ ಹಾಗೇ ಒಣಗಲಿ. ಕರಗದಿದ್ದರೆ ಮೇಲಿನ ಕೋಟನ್ನು ಉಜ್ಜಿ ತೆಗೆದು ಒಣ ದಿನದಲ್ಲಿ ಮತ್ತೆ ಬಳಿಯಬೇಕು. ಹೊರಗೆ ಹಾಕಿದ ಬಟ್ಟೆ ಒಣಗದ ದಿನ ನಾನು ವಾರ್ನಿಷ್ ಡಬ್ಬಿ ತೆರೆಯುವುದಿಲ್ಲ.

ಮರದ ಅಂಗಡಿಯವರು ಹೊಡೆಯುವ ಲ್ಯಾಕರ್ ಸ್ಪ್ರೇ ಬಿಳಿಚಿದ್ದರೆ ಅದನ್ನು ಪಾಲಿಶ್ ಕೆಲಸದವರಿಗೇ ಕೊಡಿ. ಶೆಲ್ಲಾಕ್ ಬಳಿದ ಟ್ರೇ ಮೇಲೆ ಬಿಸಿ ಲೋಟದ ಬಿಳಿ ಉಂಗುರ ಸಹಜ. ಸ್ಯಾನಿಟೈಜರ್ ಬಿದ್ದರೆ ಅರಗು ಕರಗುತ್ತದೆ. ಹಾಗಾಗಿ ಟ್ರೇಗೆ ಶೆಲ್ಲಾಕ್ ಕೊನೆಯ ಕೋಟ್ ಆಗಿ ಬೇಡ. ಯಾವ ವಾರ್ನಿಷ್ ಬಳಿದರೂ ತಿಂಡಿಯನ್ನು ಅದರ ಮೇಲೆ ನೇರವಾಗಿ ಬಡಿಸಬೇಡಿ, ತಟ್ಟೆ ಇಡಿ. ಹಣತೆ ಇಡುವ ಫಲಕವಾದರೆ ಕೆಳಗೆ ಹಿತ್ತಾಳೆಯ ತಟ್ಟೆ ಕಡ್ಡಾಯ. ಕಾಗದ, ಮರ, ವಾರ್ನಿಷ್ ಮೂರೂ ಉರಿಯುವ ವಸ್ತು.

## ಬಿರುಕು ಬಿಟ್ಟಿದೆ, ಹಲಗೆ ಬಾಗಿದೆ

ಬಿರುಕು ಎರಡು ತರಹ. ಬೇಸಿಗೆಯ ಕೆರೆ ತಳದ ಹಾಗೆ ಬಲೆ ಬಲೆಯಾಗಿದ್ದರೆ ಅದು ವಾರ್ನಿಷ್ಷಿನ ಬಿರುಕು. ಕೆಳಗಿನ ಅಂಟು ಇನ್ನೂ ಮೆದುವಾಗಿರುವಾಗ ಮೇಲೆ ಗಟ್ಟಿ ಕೋಟ್ ಬಿದ್ದಿದೆ. ಉಜ್ಜಿ ಮತ್ತೆ ಬಳಿದರೆ ಸರಿಹೋಗುತ್ತದೆ.

ಮರದ ಎಳೆಯ ದಿಕ್ಕಿಗೇ ನೇರವಾಗಿ ಸೀಳಿದ್ದರೆ ಮರವೇ ಬಿರಿದಿದೆ. ಮರ ಒಣಗುವಾಗ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಗಲಕ್ಕೆ ಕುಗ್ಗುತ್ತದೆ. ಸಾಮಿಲ್‌ನಿಂದ ತಂದ ಹಸಿ ತುಂಡುಗಳಲ್ಲಿ ಇದು ಸಾಮಾನ್ಯ. ಒಂದು ಇಂಚು ದಪ್ಪ ನೆರಳಲ್ಲಿ ಒಣಗಲು ಒಂದು ವರ್ಷ ಎಂಬುದು ಬಡಗಿಗಳ ಲೆಕ್ಕ. ಬಿರುಕು ಬೆಳೆಯುತ್ತಿರುವಾಗ ಪುಟ್ಟಿ ತುಂಬಿದರೆ ನಿಲ್ಲುವುದಿಲ್ಲ. ಪೆನ್ಸಿಲ್‌ನಿಂದ ಅದರ ತುದಿ ಗುರುತಿಸಿ ತಿಂಗಳು ಕಾಯಿರಿ.

ಬಾಗಿದ ಹಲಗೆಯ ವಿಷಯದಲ್ಲಿ ನನ್ನ ಅಮ್ಮನ ಮನೆಯ ಫಲಕ ಕಲಿಸಿದ ಪಾಠ ಇದು. ಮುಂದೆ ಕಾಗದ, ಅಂಟು, ಮೂರು ಕೋಟ್ ವಾರ್ನಿಷ್. ಹಿಂದೆ ಬರಿ ಮರ. ಮಲೆನಾಡಿನ ಮಳೆಗಾಲದ ತೇವವನ್ನು ಹಿಂಬದಿ ಕುಡಿಯಿತು, ಮುಂಬದಿ ಕುಡಿಯಲಿಲ್ಲ. ಒಂದು ಬದಿ ಹಿಗ್ಗಿ ಹಲಗೆ ಬಾಗಿತು, ಬಾಗಿದ್ದಕ್ಕೆ ಅಂಚು ಎದ್ದಿತು. ಈಗ ಹಿಂಬದಿಗೂ ಒಂದು ಹಾಳೆ ಅಂಟಿಸಿ ಅಷ್ಟೇ ಕೋಟ್ ಬಳಿಯುತ್ತೇನೆ. ಸ್ವಲ್ಪ ಬಾಗಿದ್ದನ್ನು ಬರಿ ಬದಿ ಬಿಸಿಲಿಗೆ ಕಾಣುವ ಹಾಗೆ ಎರಡು ಮೂರು ದಿನ ಇಟ್ಟರೆ ನೇರವಾಗುತ್ತದೆ. ಆಗ ಹಿಂಬದಿ ಮುಚ್ಚಿ. ತಿರುಚಿಕೊಂಡಿದ್ದರೆ, ಅಂದರೆ ನಾಲ್ಕೂ ಮೂಲೆ ಒಟ್ಟಿಗೆ ನೆಲಕ್ಕೆ ತಾಗದಿದ್ದರೆ, ಬಡಗಿಯ ಹತ್ತಿರ ಕೀಸುಳಿ ಹಿಡಿಸಬೇಕು.

## ಕಪ್ಪು, ಹಸಿರು ಚುಕ್ಕಿ, ಮುಗ್ಗಲು ವಾಸನೆ

ಇದು ಬೂಷ್ಟು. ಒದ್ದೆ ಬಟ್ಟೆಯಲ್ಲಿ ಒರೆಸಿದಾಗ ಬಂದುಬಿಟ್ಟರೆ ಮೇಲ್ಮೈಯಲ್ಲಷ್ಟೇ ಇದೆ. ಸೋಪುನೀರಿನ ಹಿಂಡಿದ ಬಟ್ಟೆಯಿಂದ ಒರೆಸಿ ಗಾಳಿಗೆ ಒಣಗಿಸಿ. ಮಾಸ್ಕ್ ಹಾಕಿಕೊಳ್ಳಿ, ಉಬ್ಬಸ ಇರುವವರು ಈ ಕೆಲಸ ಬೇರೆಯವರಿಗೆ ಬಿಡಿ. ಚುಕ್ಕಿ ವಾರ್ನಿಷ್ ಕೆಳಗಿದ್ದರೆ ಕಾಗದದಲ್ಲೇ ಬೆಳೆದಿದೆ, ಕಿತ್ತು ತೆಗೆಯಬೇಕು.

ಮೈದಾ ಅಂಟು ಬಳಸಿದ್ದರೆ ಬೂಷ್ಟಿಗೂ ಜಿರಳೆಗೂ ಊಟ ಸಿಕ್ಕ ಹಾಗೆ. ಹಿಂದೆ ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ. ಮಕ್ಕಳಿರುವ ಮನೆಯಲ್ಲಿ ಬೇಡ, ಬಿಳಿ ಅಂಟೇ ಸಾಕು. ಗೋಡೆಗೆ ತಗುಲಿಸುವ ಫಲಕದ ಹಿಂದೆ ನಾಲ್ಕು ಮೂಲೆಗೂ ಸಣ್ಣ ಕಾರ್ಕ್ ತುಂಡು ಅಂಟಿಸಿ. ಗೋಡೆಗೂ ಫಲಕಕ್ಕೂ ನಡುವೆ ಗಾಳಿ ಆಡುತ್ತದೆ. ಮಲೆನಾಡು, ಕರಾವಳಿಯ ಮನೆಗಳಿಗೆ ಇದನ್ನು ತಪ್ಪಿಸಲೇಬೇಡಿ.

## ಕೆಳಗೆ ಪುಡಿ ಬೀಳುತ್ತಿದೆ, ಕಾಗದದಲ್ಲಿ ತೂತು

ಕರಿ ಕಾಗದದ ಮೇಲೆ ಹಲಗೆ ತಟ್ಟಿ. ಮೈದಾದಂಥ ನುಣುಪು ಪುಡಿ ಬಿದ್ದು, ಗುಂಡುಸೂಜಿ ತಲೆಯಷ್ಟು ತೂತು ಕಂಡರೆ ಮರ ಕೊರೆಯುವ ಹುಳು. ರವೆಯ ಹಾಗೆ ಕಾಳು ಕಾಳಾಗಿದ್ದರೆ ಒಣಮರದ ಗೆದ್ದಲು. ಮಣ್ಣಿನ ಗೆರೆ ಇದ್ದರೆ ನೆಲದ ಗೆದ್ದಲು. ಹಲಗೆಯನ್ನು ಸ್ವಚ್ಛ ಕರಿ ಕಾಗದದ ಮೇಲೆ ಕೆಲವು ದಿನ ಬಿಡಿ. ಹೊಸ ಪುಡಿ ಬಿದ್ದರೆ ಹುಳು ಜೀವಂತ ಇದೆ.

ಮಾವು, ರಬ್ಬರ್ ಮರ, ಚೇಗಿನ ಸುತ್ತಲಿನ ಬಿಳಿ ಭಾಗ ಇವಕ್ಕೆ ಹುಳು ಬೇಗ ಹಿಡಿಯುತ್ತದೆ. ಮೇಲೆ ವಾರ್ನಿಷ್ ಬಳಿದರೆ ಒಳಗಿನ ಹುಳು ಸಾಯುವುದಿಲ್ಲ. ತಿಂಗಳುಗಟ್ಟಲೆ ಕೊರೆದು ಕೊನೆಗೆ ಕಾಗದವನ್ನೂ ತೂತು ಮಾಡಿ ಹೊರಬರುತ್ತದೆ. ಹುಳು ಕೊಲ್ಲುವ ಬೋರಿಕ್ ಔಷಧಿ ಬರಿ ಮರಕ್ಕೆ ಮಾತ್ರ ಇಳಿಯುತ್ತದೆ, ಮುಗಿದ ಕೆಲಸದ ಮೇಲೆ ಹಾಕಿ ಉಪಯೋಗವಿಲ್ಲ. ಈ ಒಂದು ದೋಷಕ್ಕೆ ನಾನು ದುರಸ್ತಿ ಮಾಡಲು ಹೋಗುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮನೆಯಿಂದ ಆಚೆ ಹಾಕಿ. ಬಾಗಿಲು, ಮಂಚ, ಅಟ್ಟದಲ್ಲೂ ಅದೇ ಪುಡಿ ಕಂಡರೆ ಕೀಟನಾಶಕದ ಕೆಲಸದವರನ್ನು ಕರೆಯಿರಿ, ನೀವೇ ಔಷಧಿ ಸಿಂಪಡಿಸಬೇಡಿ.

## ಬಿಚ್ಚಲೇಬೇಕಾದರೆ

ಮೇಲಿನ ವಾರ್ನಿಷ್ಷನ್ನು 120 ನಂಬರಿನಿಂದ ಉಜ್ಜಿ, ಕಾಗದ ಕಾಣುವ ಹಾಗೆ ಮಾಡಿ. ಬೆಚ್ಚಗಿನ ನೀರಲ್ಲಿ ಹಿಂಡಿದ ಟವೆಲ್ ಹೊದಿಸಿ ಅರ್ಧ ಗಂಟೆ ಬಿಡಿ. ಪುಟ್ಟಿ ಬ್ಲೇಡನ್ನು ಮಲಗಿಸಿ ಹಿಡಿದು, ಮರದ ಎಳೆಯ ದಿಕ್ಕಿಗೆ ಕೆರೆಯಿರಿ. ಬ್ಲೇಡು ಯಾವಾಗಲೂ ನಿಮ್ಮಿಂದ ಆಚೆಗೆ ಹೋಗಲಿ. ಬಾರದ ಕಡೆ ಮತ್ತೆ ಟವೆಲ್ ಹೊದಿಸಿ, ಬಲವಂತ ಬೇಡ. ಪ್ಲೈವುಡ್, ಎಂಡಿಎಫ್ ಆದರೆ ನೀರು ಕಡಿಮೆ ಬಳಸಿ, ಇಲ್ಲದಿದ್ದರೆ ಅಂಚು ಊದಿಕೊಳ್ಳುತ್ತದೆ.

ಬರಿದಾದ ಹಲಗೆಯನ್ನು ಗೋಡೆಗೆ ಒರಗಿಸಬೇಡಿ. ಎರಡು ಕಡ್ಡಿಗಳ ಮೇಲೆ, ಎರಡೂ ಬದಿಗೆ ಗಾಳಿ ತಾಗುವಂತೆ, ನೆರಳಿನಲ್ಲಿ ಮಲಗಿಸಿ. ಮಾರನೇ ದಿನ ತೂಗಿ ಬರೆದಿಡಿ. ಎರಡು ದಿನ ಬಿಟ್ಟು ಮತ್ತೆ ತೂಗಿ. ಅಂಕಿ ಮೂರು ಸಲ ಒಂದೇ ಬಂದಾಗ ಹೊಸ ಕಾಗದ ಕತ್ತರಿಸಲು ಕೂರಬಹುದು.